ವೈದೃಶ್ಯ: ವಿನ್ಯಾಸದಲ್ಲಿ ಖರ್ಚಿಲ್ಲದ ಸಾಧನ

ಸಾರಿಸಿದ ಅಂಗಳದಲ್ಲಿ ಬಿಳಿಯ ರಂಗವಲ್ಲಿ ಎದ್ದು ಕಾಣುವುದು ಅದರ ಬಿಳುಪಿನಿಂದ ಮಾತ್ರವಲ್ಲ, ನೆಲದ ಕಪ್ಪಿನಿಂದ. ಅದೇ ಪುಡಿಯನ್ನು ಸುಣ್ಣ ಬಳಿದ ಜಗಲಿಯ ಮೇಲೆ ಬಿಟ್ಟರೆ ಎಷ್ಟೇ ನುರಿತ ಕೈಯ ಎಳೆಯಾದರೂ ಕಾಣದೆ ಹೋಗುತ್ತದೆ. ಪುಡಿ ಅದೇ, ಕೈ ಅದೇ, ಶ್ರಮವೂ ಅಷ್ಟೇ. ಬದಲಾದದ್ದು ಹಿನ್ನೆಲೆ ಮಾತ್ರ.

ಎರಡು ವಸ್ತುಗಳನ್ನು ಅಕ್ಕಪಕ್ಕದಲ್ಲಿಟ್ಟಾಗ ಅವುಗಳ ನಡುವಿನ ಭೇದವು ಕಣ್ಣಿಗೆ ಸ್ಪಷ್ಟವಾಗುವ ಈ ಗುಣವನ್ನು ವಿನ್ಯಾಸಶಾಸ್ತ್ರದಲ್ಲಿ ವೈದೃಶ್ಯ ಎನ್ನುತ್ತಾರೆ. ಮುದ್ರಣಾಲಯಗಳಲ್ಲಿಯೂ ಜವಳಿ ಅಂಗಡಿಗಳಲ್ಲಿಯೂ ಕಾಂಟ್ರಾಸ್ಟ್ ಎಂಬ ಹೆಸರಿನಿಂದ ಇದು ಎಲ್ಲರಿಗೂ ಪರಿಚಿತ. ಆದರೆ ಪರಿಚಯವಿದ್ದಷ್ಟು ತಿಳಿವಳಿಕೆ ಇಲ್ಲವೆಂಬುದಕ್ಕೆ ಕಿರಾಣಿ ಅಂಗಡಿಯ ಯಾವುದೇ ಕಪಾಟು ಸಾಕ್ಷಿಯಾಗಿದೆ. ಸಾಂಬಾರು ಪುಡಿ, ಉಪ್ಪಿನಕಾಯಿ, ಅಗರಬತ್ತಿಗಳಂತಹ ಸರಕುಗಳ ಸಣ್ಣ ತಯಾರಕರು ದೊಡ್ಡ ಕಂಪನಿಗಳೊಡನೆ ಸ್ಪರ್ಧಿಸುವ ಆತುರದಲ್ಲಿ ಪೊಟ್ಟಣಕ್ಕೆ ಇನ್ನೊಂದು ಬಣ್ಣ, ಇನ್ನೊಂದು ಚಿತ್ರ, ಇನ್ನೊಂದು ಹೊಳಪಿನ ಪಟ್ಟಿ ಸೇರಿಸುತ್ತಾ ಹೋಗುತ್ತಾರೆ. ಸೇರಿಸಿದಂತೆಲ್ಲ ಮುದ್ರಣದ ವೆಚ್ಚ ಏರುತ್ತದೆ, ಸರಕಿನ ಹೆಸರು ಮಾತ್ರ ಮರೆಯಾಗುತ್ತದೆ. ವೈದೃಶ್ಯವೆಂದರೆ ಹೆಚ್ಚು ಬಣ್ಣವಲ್ಲ, ಅದು ಸರಿಯಾದ ಭೇದ. ಈ ಒಂದು ಅಂಶ ಮನದಟ್ಟಾದರೆ ವಿನ್ಯಾಸದ ಖರ್ಚು ಎಷ್ಟೋ ಸಲ ಇಳಿಯುತ್ತದೆಯೇ ಹೊರತು ಏರುವುದಿಲ್ಲ.

ಒಂದು ಹಳೆಯ ವ್ಯಾಪಾರಿ ವ್ಯಾಜ್ಯ

ವೈದೃಶ್ಯದ ಶಾಸ್ತ್ರೀಯ ಅಧ್ಯಯನಕ್ಕೆ ಕಾರಣವಾದದ್ದು ಕಲಾವಿದರ ಚರ್ಚೆಯಲ್ಲ, ಗಿರಾಕಿಗಳ ದೂರು ಎಂಬುದು ವರ್ತಕರಿಗೆ ಸ್ವಾರಸ್ಯವೆನಿಸಬಹುದು. ಪ್ಯಾರಿಸ್ಸಿನ ಗೊಬ್ಲಾಂ ಕಾರ್ಖಾನೆ ಗೋಡೆಗೆ ತೂಗುಹಾಕುವ ಚಿತ್ರವಸ್ತ್ರಗಳಿಗೆ ಹೆಸರಾದದ್ದು. ಅದರ ಬಣ್ಣಗಾರಿಕೆ ವಿಭಾಗದ ಮುಖ್ಯಸ್ಥರಾಗಿ 1824ರಲ್ಲಿ ರಸಾಯನ ವಿಜ್ಞಾನಿ ಮಿಶೆಲ್ ಯೂಜೆನ್ ಶೆವ್ರೆಲ್ ನೇಮಕಗೊಂಡರು. ಕಾರ್ಖಾನೆಯ ಬಣ್ಣಗಳ ಬಗ್ಗೆ ಬಂದ ದೂರುಗಳಲ್ಲಿ ಒಂದು ಕಪ್ಪಿಗೆ ಸಂಬಂಧಿಸಿತ್ತು. ನೀಲಿ ಮತ್ತು ನೇರಳೆ ವಸ್ತ್ರಗಳ ನೆರಳನ್ನು ನೇಯಲು ಬಳಸಿದ ಕಪ್ಪು ನೂಲಿನಲ್ಲಿ ಕಸುವಿಲ್ಲ, ಅದು ಮಂಕಾಗಿ ಕಾಣುತ್ತದೆ ಎಂಬುದೇ ಆ ದೂರು.

ಶೆವ್ರೆಲ್ ಮೊದಲು ಬಣ್ಣದ ಹಂಡೆಯನ್ನೇ ಶಂಕಿಸಿದರು. ಬೇರೆ ಕಾರ್ಖಾನೆಗಳ ಕಪ್ಪು ಉಣ್ಣೆಯನ್ನು ತರಿಸಿ ಹೋಲಿಸಿ ನೋಡಿದರು. ಗೊಬ್ಲಾಂನ ಕಪ್ಪು ಅವಾವುದಕ್ಕೂ ಕಡಿಮೆಯಿರಲಿಲ್ಲ. ದೋಷವಿದ್ದದ್ದು ನೂಲಿನಲ್ಲಿ ಅಲ್ಲ, ಅದರ ನೆರೆಯಲ್ಲಿ. ಪಕ್ಕದ ಬಣ್ಣವು ಕಪ್ಪಿನ ತೋರಿಕೆಯನ್ನೇ ಬದಲಿಸುತ್ತಿತ್ತು. ಈ ಸುಳಿವನ್ನು ಹಿಡಿದು ಅವರು ನಡೆಸಿದ ಪ್ರಯೋಗಗಳ ಫಲವಾಗಿ 1839ರಲ್ಲಿ ಬಣ್ಣಗಳ ಏಕಕಾಲಿಕ ವೈದೃಶ್ಯದ ನಿಯಮವನ್ನು ಕುರಿತ ಅವರ ಗ್ರಂಥ ಪ್ರಕಟವಾಯಿತು. ಅಕ್ಕಪಕ್ಕದ ಎರಡು ಬಣ್ಣಗಳು ಪರಸ್ಪರ ದೂರ ಸರಿದಂತೆ ಕಾಣುತ್ತವೆ, ಪ್ರತಿಯೊಂದು ಬಣ್ಣವೂ ತನ್ನ ನೆರೆಯ ಬಣ್ಣಕ್ಕೆ ತನ್ನ ವಿರುದ್ಧ ಬಣ್ಣದ ಛಾಯೆಯನ್ನು ಲೇಪಿಸುತ್ತದೆ ಎಂಬುದು ಆ ನಿಯಮದ ಸಾರ. ಕೆಂಪಿಗೆ ಹಸಿರು, ನೀಲಿಗೆ ಕಿತ್ತಳೆ, ಹಳದಿಗೆ ನೇರಳೆ ವಿರುದ್ಧ ಬಣ್ಣಗಳು.

ಅದೇ ಗ್ರಂಥದಲ್ಲಿ ಬಟ್ಟೆ ವರ್ತಕರಿಗೂ ಅಚ್ಚುಗಾರರಿಗೂ ನಡೆದ ವ್ಯಾಜ್ಯದ ಪ್ರಸ್ತಾಪವಿದೆ. ಕೆಂಪು, ನೇರಳೆ ಮತ್ತು ನೀಲಿ ಬಟ್ಟೆಗಳ ಮೇಲೆ ಕಪ್ಪು ಚಿತ್ತಾರ ಮುದ್ರಿಸಿಕೊಡಲು ವರ್ತಕರು ಕೊಟ್ಟಿದ್ದರು. ಸರಕು ಮರಳಿ ಬಂದಾಗ ಕೆಂಪಿನ ಮೇಲಿನ ಚಿತ್ತಾರ ಹಸಿರಾಗಿಯೂ ನೀಲಿಯ ಮೇಲಿನದು ತಾಮ್ರದ ಬಣ್ಣವಾಗಿಯೂ ಕಂಡಿತು. ಕಳಪೆ ಬಣ್ಣ ಬಳಸಿದ್ದಾರೆಂದು ವರ್ತಕರ ಆರೋಪ, ಅಚ್ಚ ಕಪ್ಪನ್ನೇ ಬಳಸಿದ್ದೇವೆಂದು ಅಚ್ಚುಗಾರರ ವಾದ. ಶೆವ್ರೆಲ್ ಬಿಳಿಯ ಕಾಗದವನ್ನು ಚಿತ್ತಾರದ ಆಕಾರಕ್ಕೆ ಕತ್ತರಿಸಿ, ಬಟ್ಟೆಯ ನೆಲ ಮುಚ್ಚಿ ಚಿತ್ತಾರವಷ್ಟೇ ಕಾಣುವಂತೆ ಹೊದಿಸಿದರು. ಎಲ್ಲವೂ ಅಚ್ಚ ಕಪ್ಪಾಗಿಯೇ ಕಂಡವು. ಒಂದು ತುಂಡು ಕಾಗದ ವ್ಯಾಜ್ಯವನ್ನು ಬಗೆಹರಿಸಿತು.

ಈ ಪರೀಕ್ಷೆ ಇಂದಿಗೂ ಅಷ್ಟೇ ಉಪಯುಕ್ತ. ಮುದ್ರಣಾಲಯದಿಂದ ಬಂದ ಪೊಟ್ಟಣದ ಬಣ್ಣ ಮಾದರಿಗೆ ಹೊಂದುವುದಿಲ್ಲವೆಂದು ತಿರಸ್ಕರಿಸುವ ಮುನ್ನ ಬಿಳಿಯ ಕಾಗದದಲ್ಲಿ ಎರಡು ಸಮಾನ ಕಿಂಡಿ ಕೊರೆದು, ಸುತ್ತಲಿನ ಬಣ್ಣಗಳನ್ನು ಮರೆಮಾಡಿ ಹೋಲಿಸುವುದು ಲೇಸು. ತಪ್ಪು ಶಾಯಿಯದೋ ನೆರೆಯ ಬಣ್ಣದ್ದೋ ಎಂಬುದು ಅಲ್ಲಿಯೇ ತಿಳಿಯುತ್ತದೆ. ನೆರೆಯದೇ ಆಗಿದ್ದರೆ ಶಾಯಿ ಬದಲಿಸಿ ಪ್ರಯೋಜನವಿಲ್ಲ. ನೆಲದ ಬಣ್ಣದ ಛಾಯೆಯನ್ನೇ ಕಪ್ಪಿಗೆ ತುಸು ಬೆರೆಸಿದರೆ, ಅಥವಾ ಎರಡರ ನಡುವೆ ಬಿಳಿಯ ತೆಳು ಗೆರೆಯೊಂದನ್ನು ಬಿಟ್ಟರೆ ದೋಷ ತಗ್ಗುತ್ತದೆ.

ಜವಳಿ ವರ್ತಕರಿಗೆ ಶೆವ್ರೆಲ್ ಹೇಳಿದ ಇನ್ನೊಂದು ಮಾತೂ ಗಮನಾರ್ಹ. ಗಿರಾಕಿಗೆ ಹದಿನಾಲ್ಕು ಕೆಂಪು ಬಟ್ಟೆಗಳನ್ನು ಒಂದರ ಹಿಂದೊಂದು ತೋರಿಸಿದರೆ, ಎಲ್ಲವೂ ಒಂದೇ ಬಗೆಯವಾದರೂ ಕೊನೆಯ ಆರೇಳು ಬಟ್ಟೆಗಳು ಮಂಕಾಗಿ ಕಾಣುತ್ತವೆ. ಕಣ್ಣು ಕೆಂಪಿನಿಂದ ದಣಿದಿರುತ್ತದೆ. ನಡುವೆ ಹಸಿರು ಬಟ್ಟೆಗಳನ್ನು ಬಿಡಿಸಿ ತೋರಿಸಿದರೆ ಕಣ್ಣು ಚೇತರಿಸಿಕೊಂಡು ಮುಂದಿನ ಕೆಂಪು ಮತ್ತೆ ತನ್ನ ಕಳೆಯಿಂದ ಕಾಣುತ್ತದೆ. ಸೀರೆ ಅಂಗಡಿಯ ಅನುಭವಿ ಮಾರಾಟಗಾರರು ಶಾಸ್ತ್ರ ಓದದೆಯೂ ಇದನ್ನು ಬಲ್ಲರು.

ಬಣ್ಣದ ಭೇದ ಮತ್ತು ಬೆಳಕಿನ ಭೇದ

ಮುಂದೆ ಜರ್ಮನಿಯ ಬೌಹೌಸ್ ವಿನ್ಯಾಸ ಶಾಲೆಯಲ್ಲಿ ಬೋಧಿಸಿದ ಯೊಹಾನ್ನೆಸ್ ಇಟ್ಟೆನ್, 1961ರಲ್ಲಿ ಪ್ರಕಟವಾದ ತಮ್ಮ ವರ್ಣಕಲೆಯ ಗ್ರಂಥದಲ್ಲಿ ಬಣ್ಣಗಳ ವೈದೃಶ್ಯವನ್ನು ಏಳು ಬಗೆಯಾಗಿ ವಿಂಗಡಿಸಿದರು. ವರ್ಣಭೇದ, ನಸುಪು–ಗಾಢತೆಯ ಭೇದ, ತಂಪು–ಬಿಸಿ ಬಣ್ಣಗಳ ಭೇದ, ವಿರುದ್ಧ ಬಣ್ಣಗಳ ಭೇದ, ಏಕಕಾಲಿಕ ವೈದೃಶ್ಯ, ಬಣ್ಣದ ತೀವ್ರತೆಯ ಭೇದ ಮತ್ತು ಬಣ್ಣ ಆವರಿಸುವ ವಿಸ್ತಾರದ ಭೇದ ಎಂಬವೇ ಆ ಏಳು. ವ್ಯಾಪಾರದ ದೃಷ್ಟಿಯಿಂದ ಇವುಗಳಲ್ಲಿ ಅತಿ ಮುಖ್ಯವಾದದ್ದು ನಸುಪು–ಗಾಢತೆಯ ಭೇದ, ಅಂದರೆ ಬೆಳಕಿನ ಭೇದ. ಅಕ್ಷರವನ್ನು ಓದುವಾಗ ಕಣ್ಣು ಬಣ್ಣಕ್ಕಿಂತ ಮೊದಲು ಆಶ್ರಯಿಸುವುದು ಬೆಳಕಿನ ಏರಿಳಿತವನ್ನು.

ಇಲ್ಲಿಯೇ ಅನೇಕರು ಎಡವುತ್ತಾರೆ. ಕೆಂಪು ಮತ್ತು ಹಸಿರು ವಿರುದ್ಧ ಬಣ್ಣಗಳಾದ್ದರಿಂದ ಹಸಿರು ನೆಲದ ಮೇಲೆ ಕೆಂಪು ಅಕ್ಷರ ಚೆನ್ನಾಗಿ ಕಾಣಬೇಕೆಂದು ಭಾವಿಸಲಾಗುತ್ತದೆ. ವಾಸ್ತವವಾಗಿ ಅದು ಕಣ್ಣು ಕುಕ್ಕುತ್ತದೆ, ಓದಲು ಬರುವುದಿಲ್ಲ. ಬಣ್ಣದಲ್ಲಿ ದೂರವಿರುವ ಅವೆರಡೂ ಬೆಳಕಿನಲ್ಲಿ ಬಹು ಸಮೀಪವಿರುವುದೇ ಇದಕ್ಕೆ ಕಾರಣ. ಈ ಭೇದವನ್ನು ಅಳೆಯಲು ವರ್ಲ್ಡ್ ವೈಡ್ ವೆಬ್ ಕನ್ಸಾರ್ಟಿಯಂ 2008ರ ತನ್ನ ಮಾರ್ಗಸೂಚಿಯಲ್ಲಿ ಒಂದು ಅನುಪಾತವನ್ನು ಗೊತ್ತುಪಡಿಸಿತು. ಎರಡು ಬಣ್ಣಗಳ ಬೆಳಕು ಒಂದೇ ಆಗಿದ್ದರೆ ಅನುಪಾತ 1, ಅಚ್ಚ ಕಪ್ಪು ಮತ್ತು ಅಚ್ಚ ಬಿಳಿಗೆ 21. ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5, ದೊಡ್ಡ ಅಕ್ಷರಕ್ಕೆ ಕನಿಷ್ಠ 3 ಇರಬೇಕೆಂದು ಅದು ಹೇಳುತ್ತದೆ.

ಈ ಅಳತೆಯಲ್ಲಿ ಕೆಲವು ಜೋಡಿಗಳ ಸ್ಥಿತಿ ಹೀಗಿದೆ. ಹಳದಿಯ ಮೇಲೆ ಕಪ್ಪು 19.6, ಗಾಢ ನೀಲಿಯ ಮೇಲೆ ಬಿಳಿ 16, ಬಿಳಿಯ ಮೇಲೆ ಕೆಂಪು 4, ಬಿಳಿಯ ಮೇಲೆ ಕಿತ್ತಳೆ ಸುಮಾರು 2, ಮಧ್ಯಮ ಹಸಿರಿನ ಮೇಲೆ ಕೆಂಪು 1.3, ಬಿಳಿಯ ಮೇಲೆ ಹಳದಿ 1.1. ಇವು ಕಂಪ್ಯೂಟರ್ ಪರದೆಯ ಬಣ್ಣಗಳ ಲೆಕ್ಕ. ಕಾಗದ ಮತ್ತು ಶಾಯಿಯಲ್ಲಿ ಅಂಕಿ ಬದಲಾದರೂ ಕ್ರಮ ಹೆಚ್ಚು ಬದಲಾಗದು. ಬಾಡಿಗೆ ವಾಹನಗಳ ಸಂಖ್ಯಾಫಲಕದ ಹಳದಿ ನೆಲ ಮತ್ತು ಕಪ್ಪು ಅಕ್ಷರ ದೂರದಿಂದ ಸುಲಭವಾಗಿ ಓದಲು ಬರುವುದೇಕೆಂಬುದಕ್ಕೆ ಈ ಪಟ್ಟಿಯಲ್ಲಿಯೇ ಉತ್ತರವಿದೆ.

ಗ್ರಾಹಕರೆಲ್ಲರ ಕಣ್ಣು ಒಂದೇ ಅಲ್ಲವೆಂಬುದನ್ನೂ ಗಮನದಲ್ಲಿಡಬೇಕು. ಕೆಂಪು–ಹಸಿರಿನ ಭೇದ ಗುರುತಿಸಲಾರದ ವರ್ಣಾಂಧತೆ ಉತ್ತರ ಯೂರೋಪ್ ಮೂಲದ ಪುರುಷರಲ್ಲಿ ಸುಮಾರು 12 ಮಂದಿಗೆ ಒಬ್ಬರಲ್ಲಿದೆ. ಭಾರತೀಯರಲ್ಲಿಯೂ ಈ ದೋಷವುಂಟು. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟಿ ಒಳಹೋಗುವ ಬೆಳಕೂ ಕಡಿಮೆಯಾಗುತ್ತದೆ. ಇಪ್ಪತ್ತೈದರ ವಿನ್ಯಾಸಕಾರನು ಬೆಳಗುವ ಪರದೆಯ ಮೇಲೆ ಒಪ್ಪಿದ ತಿಳಿಬೂದು ಅಕ್ಷರವನ್ನು ಅರವತ್ತೈದರ ಗ್ರಾಹಕಿ ಅಂಗಡಿಯ ಮಂದ ಬೆಳಕಿನಲ್ಲಿ ಓದಬೇಕಾಗುತ್ತದೆ. ಆಕೆ ಓದಲಾರದ್ದು ಔಷಧದ ಪ್ರಮಾಣವೋ ಬಳಕೆಯ ಕೊನೆಯ ದಿನಾಂಕವೋ ಆಗಿದ್ದರೆ ನಷ್ಟ ಮಾರಾಟಕ್ಕಷ್ಟೇ ಸೀಮಿತವಾಗುವುದಿಲ್ಲ.

ಬಣ್ಣವಲ್ಲದ ವೈದೃಶ್ಯ

ಗಾತ್ರ, ಆಕಾರ, ದಪ್ಪ, ಮೇಲ್ಮೈಯ ಸ್ವರೂಪ, ಖಾಲಿ ಜಾಗ ಇವೂ ವೈದೃಶ್ಯದ ಸಾಧನಗಳೇ. ಇದಕ್ಕೆ ಉತ್ತಮ ನಿದರ್ಶನ ಆಹಾರದ ಪೊಟ್ಟಣಗಳ ಮೇಲಿನ ಚಿಹ್ನೆ. ಮೊದಲು ಸಸ್ಯಾಹಾರಕ್ಕೆ ಹಸಿರು ವೃತ್ತ, ಮಾಂಸಾಹಾರಕ್ಕೆ ಕಂದು ವೃತ್ತ ಇದ್ದಿತು. ಆಕಾರ ಒಂದೇ ಆದ್ದರಿಂದ ಎರಡನ್ನೂ ಬೇರ್ಪಡಿಸುವ ಹೊಣೆ ಪೂರ್ತಿಯಾಗಿ ಬಣ್ಣದ್ದಾಗಿತ್ತು. ಹಸಿರು ಮತ್ತು ಕಂದು ವರ್ಣಾಂಧರಿಗೆ ಒಂದೇ ರೀತಿ ಕಾಣುವ ಬಣ್ಣಗಳು. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2020ರ ಲೇಬಲಿಂಗ್ ನಿಯಮಾವಳಿ ಮಾಂಸಾಹಾರದ ಚಿಹ್ನೆಯನ್ನು ಕಂದು ತ್ರಿಕೋನವಾಗಿ ಬದಲಾಯಿಸಿತು. ಬಣ್ಣದ ಭೇದಕ್ಕೆ ಆಕಾರದ ಭೇದವೂ ಸೇರಿದ್ದರಿಂದ ಬಣ್ಣ ಕಾಣದವರೂ ಈಗ ಮೋಸಹೋಗುವುದಿಲ್ಲ. ಮುಖ್ಯವಾದ ಸೂಚನೆಯನ್ನು ಒಂದೇ ಬಗೆಯ ಭೇದಕ್ಕೆ ಒಪ್ಪಿಸಬಾರದೆಂಬುದು ಇದರ ಪಾಠ.

ಇನ್ನೊಂದು ತತ್ವವನ್ನು ಜರ್ಮನಿಯ ಮನೋವಿಜ್ಞಾನಿ ಹೆಡ್ವಿಗ್ ಫಾನ್ ರೆಸ್ಟೋರ್ಫ್ 1933ರಲ್ಲಿ ಪ್ರಯೋಗಗಳಿಂದ ತೋರಿಸಿಕೊಟ್ಟರು. ಏಕರೂಪದ ಪಟ್ಟಿಯಲ್ಲಿ ಒಂದು ಮಾತ್ರ ಭಿನ್ನವಾಗಿದ್ದರೆ ಅದು ನೆನಪಿನಲ್ಲಿ ಉಳಿಯುತ್ತದೆ. ಆದರೆ ಭಿನ್ನವಾದದ್ದು ಒಂದೇ ಇದ್ದಾಗ ಮಾತ್ರ ಈ ಮಾತು ನಿಜ. ಬ್ರಾಂಡಿನ ಹೆಸರು, 'ಹೊಸದು' ಎಂಬ ಪಟ್ಟಿ, ರಿಯಾಯಿತಿಯ ನಕ್ಷತ್ರ, ಚಿತ್ರ ಎಲ್ಲವೂ ಎದ್ದು ನಿಂತರೆ ಯಾವುದೂ ಎದ್ದು ಕಾಣುವುದಿಲ್ಲ. ಸಂತೆಯಲ್ಲಿ ಎಲ್ಲರೂ ಕೂಗಿದರೆ ಯಾರ ಕೂಗೂ ಕೇಳಿಸದಂತೆಯೇ ಇದು.

ಅಂಗಡಿಗಳ ನಾಮಫಲಕಕ್ಕೂ ಈ ತತ್ವ ಅನ್ವಯಿಸುತ್ತದೆ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮದ 2024ರ ತಿದ್ದುಪಡಿಯಂತೆ ಫಲಕದ ಶೇ. 60ರಷ್ಟು ಕನ್ನಡದಲ್ಲಿರಬೇಕು. ಉಳಿದ ಶೇ. 40ರಲ್ಲಿ ಇನ್ನೊಂದು ಲಿಪಿಯನ್ನು ಅಷ್ಟೇ ದಪ್ಪವಾಗಿ, ಅದೇ ಬಣ್ಣದಲ್ಲಿ ತುಂಬಿದರೆ ಎರಡೂ ಪರಸ್ಪರ ಪೈಪೋಟಿಗಿಳಿದು ರಸ್ತೆಯಲ್ಲಿ ಹೋಗುವವರಿಗೆ ಯಾವುದೂ ನಾಟುವುದಿಲ್ಲ. ಕನ್ನಡದ ಹೆಸರನ್ನು ದೊಡ್ಡದಾಗಿಯೂ ದಪ್ಪವಾಗಿಯೂ ಬರೆಸಿ, ಇತರ ಲಿಪಿಯನ್ನು ತೆಳುವಾಗಿಸಿ, ಸುತ್ತ ಖಾಲಿ ಜಾಗ ಬಿಟ್ಟರೆ ಕಾನೂನೂ ಪಾಲನೆಯಾಗುತ್ತದೆ, ಫಲಕವೂ ಓದಲು ಬರುತ್ತದೆ.

ಕನ್ನಡ ಅಕ್ಷರದ ವಿಶೇಷ ಅಗತ್ಯ

ವೈದೃಶ್ಯ ಕುಂದಿದಾಗ ಕನ್ನಡ ಲಿಪಿಗೆ ಆಗುವ ಹಾನಿ ಹೆಚ್ಚು. ದುಂಡಗಿನ ಈ ಅಕ್ಷರಗಳಲ್ಲಿ ಅರ್ಥ ನಿಂತಿರುವುದು ಅನೇಕ ವೇಳೆ ಒಂದು ಚುಕ್ಕೆ ಅಥವಾ ಸಣ್ಣ ಸೀಳಿನ ಮೇಲೆ. 'ರ' ಮತ್ತು 'ಠ'ಗಳ ನಡುವೆ ಇರುವುದು ಒಳಗಿನ ಚುಕ್ಕೆ. 'ದ'–'ಧ', 'ಬ'–'ಭ', 'ಪ'–'ಫ' ಇವುಗಳನ್ನು ಬೇರ್ಪಡಿಸುವುದು ಕೆಳಗಿನ ಪುಟ್ಟ ಗೀರು. ಗಾಢ ನೆಲದ ಮೇಲೆ ಬಿಳಿಯ ಅಕ್ಷರವನ್ನು ಸಣ್ಣದಾಗಿ ಬಿಟ್ಟು ಮುದ್ರಿಸಿದಾಗ ಸುತ್ತಲಿನ ಶಾಯಿ ತುಸು ಹರಡಿದರೂ ಗೆರೆಗಳು ಸವೆದು ಒತ್ತಕ್ಷರಗಳು ಕರಗುತ್ತವೆ. ನೆಲದ ಬಣ್ಣ ನಾಲ್ಕು ಶಾಯಿಗಳ ಮಿಶ್ರಣವಾಗಿದ್ದರೆ ಒಂದು ಅಚ್ಚು ಕೂದಲೆಳೆಯಷ್ಟು ಸರಿದರೂ ಅಕ್ಷರದ ಅಂಚಿನಲ್ಲಿ ಬೇರೆ ಬಣ್ಣ ಇಣುಕುತ್ತದೆ. ಆದ್ದರಿಂದ ತಯಾರಿಕೆಯ ಪದಾರ್ಥಗಳ ಪಟ್ಟಿ, ಬಳಕೆಯ ವಿಧಾನಗಳಂತಹ ಸಣ್ಣ ಅಕ್ಷರಗಳನ್ನು ತಿಳಿಯಾದ ನೆಲದ ಮೇಲೆ ಒಂದೇ ಗಾಢ ಶಾಯಿಯಲ್ಲಿ ಮುದ್ರಿಸುವುದು ಕ್ಷೇಮ. ಬಿಳಿಯ ಅಕ್ಷರವೇ ಬೇಕೆಂದಾದರೆ ದಪ್ಪ ಮಾದರಿಯನ್ನು ಆರಿಸಿ ಗಾತ್ರವನ್ನು ಹೆಚ್ಚಿಸಬೇಕು.

ಕಾನೂನಿನ ದೃಷ್ಟಿ

ವೈದೃಶ್ಯವು ಕೇವಲ ಅಭಿರುಚಿಯ ವಿಷಯವಲ್ಲ. 2011ರ ಕಾನೂನುಬದ್ಧ ಮಾಪನಶಾಸ್ತ್ರ (ಪೊಟ್ಟಣ ಸಾಮಗ್ರಿಗಳ) ನಿಯಮಗಳ 9ನೇ ನಿಯಮದಂತೆ ಪೊಟ್ಟಣದ ಮೇಲಿನ ಘೋಷಣೆಗಳು ಸ್ಪಷ್ಟವಾಗಿಯೂ ಪ್ರಧಾನವಾಗಿಯೂ ಇರಬೇಕು. ಚಿಲ್ಲರೆ ಮಾರಾಟ ಬೆಲೆ ಮತ್ತು ನಿವ್ವಳ ಪ್ರಮಾಣದ ಅಂಕಿಗಳು ಲೇಬಲಿನ ಹಿನ್ನೆಲೆಗೆ ಎದ್ದು ಕಾಣುವಷ್ಟು ಭಿನ್ನವಾದ ಬಣ್ಣದಲ್ಲಿರಬೇಕು. ಗಾಜು ಅಥವಾ ಪ್ಲಾಸ್ಟಿಕ್ಕಿನ ಮೈಮೇಲೆಯೇ ಉಬ್ಬಾಗಿ ಅಚ್ಚುಹೊಯ್ದ ವಿವರಗಳಿಗೆ ಮಾತ್ರ ಭಿನ್ನ ಬಣ್ಣದ ಈ ಷರತ್ತಿನಿಂದ ವಿನಾಯಿತಿಯಿದೆ. ಬಂಗಾರದ ಬಣ್ಣದ ಹಾಳೆಯ ಮೇಲೆ ಹಳದಿ ಶಾಯಿಯಲ್ಲಿಯೋ, ಕಂದು ಪೊಟ್ಟಣದ ಮೇಲೆ ಕಪ್ಪು ಮೊಹರಿನಲ್ಲಿಯೋ ಎಂ.ಆರ್.ಪಿ. ಒತ್ತುವವರು ಈ ನಿಯಮವನ್ನು ಮತ್ತೊಮ್ಮೆ ಗಮನಿಸಬೇಕು. ಬೆಲೆ ಮತ್ತು ದಿನಾಂಕಗಳಿಗೆ ವಿನ್ಯಾಸದಲ್ಲಿಯೇ ಒಂದು ಬಿಳಿಯ ಚೌಕ ಬಿಟ್ಟರೆ ಸಮಸ್ಯೆ ತೀರುತ್ತದೆ. ಅದಕ್ಕೆ ಹೆಚ್ಚಿನ ಶಾಯಿ ಬೇಕಿಲ್ಲ. ಪೊಟ್ಟಣಗಳು ಅಚ್ಚಾದ ಮೇಲೆ ಎಚ್ಚೆತ್ತರೆ ಇಡೀ ದಾಸ್ತಾನು ರದ್ದಿಯಾದೀತು.

ವೈದೃಶ್ಯದ ದುರುಪಯೋಗವೂ ಸಾಧ್ಯ. ರಿಯಾಯಿತಿಯನ್ನು ಕೆಂಪು ದಪ್ಪ ಅಕ್ಷರದಲ್ಲಿ ಸಾರಿ, ಷರತ್ತನ್ನು ನೆಲದ ಬಣ್ಣದಲ್ಲಿಯೇ ಕರಗಿಸಿಬಿಡುವುದು ಅಂಥದ್ದು. ಷರತ್ತು ಮುಖ್ಯ ಹೇಳಿಕೆಯ ಭಾಷೆಯಲ್ಲಿಯೇ, ಸ್ಪಷ್ಟವಾಗಿ ಕಾಣುವಂತೆ ಇರಬೇಕೆಂದು ದಾರಿತಪ್ಪಿಸುವ ಜಾಹೀರಾತುಗಳನ್ನು ತಡೆಯುವ 2022ರ ಮಾರ್ಗಸೂಚಿ ವಿಧಿಸುತ್ತದೆ.

ಬೀದರಿನ ಪಾಠ

ಮಿತವಾದ ಸಾಧನದಿಂದ ಗರಿಷ್ಠ ವೈದೃಶ್ಯ ಸಾಧಿಸಿದ ಉದ್ಯಮಕ್ಕೆ ದೂರ ಹುಡುಕಬೇಕಾಗಿಲ್ಲ. ಬೀದರಿನ ಬಿದ್ರಿ ಕುಸುರಿಯಲ್ಲಿ ಇರುವುದು ಎರಡೇ ಬಣ್ಣ, ಕಪ್ಪು ಮತ್ತು ಬೆಳ್ಳಿ. ಪಾತ್ರೆಯನ್ನು ಹೆಚ್ಚು ಸತು ಮತ್ತು ಸ್ವಲ್ಪ ತಾಮ್ರ ಸೇರಿದ ಮಿಶ್ರಲೋಹದಲ್ಲಿ ಎರಕ ಹೊಯ್ಯುತ್ತಾರೆ. ಅರದಿಂದ ಉಜ್ಜಿ ನುಣುಪಾದ ಮೇಲೆ ಮೈಲುತುತ್ತದ ದ್ರಾವಣ ಸವರಿ ಮೇಲ್ಮೈಯನ್ನು ತಾತ್ಕಾಲಿಕವಾಗಿ ಕಪ್ಪಾಗಿಸುತ್ತಾರೆ. ಇದು ಗಿರಾಕಿಗಾಗಿ ಅಲ್ಲ, ಉಳಿಯಿಂದ ಗೀರಿದ ರೇಖೆ ಕುಶಲಕರ್ಮಿಯ ಕಣ್ಣಿಗೆ ಕಾಣಲೆಂದು. ಆ ರೇಖೆಗಳಲ್ಲಿ ಬೆಳ್ಳಿಯ ತಂತಿಯನ್ನು ಕೂಡಿಸಿ ಉಜ್ಜಿದಾಗ ಇಡೀ ಪಾತ್ರೆ ಬೆಳ್ಳಗೆ ಹೊಳೆಯುತ್ತದೆ, ಬೆಳ್ಳಿ ಯಾವುದು ಸತು ಯಾವುದು ಎಂದು ತಿಳಿಯುವುದು ಕಷ್ಟ. ಅಷ್ಟು ದಿನಗಳ ಕುಸುರಿಯೂ ಆ ಹಂತದಲ್ಲಿ ಕಾಣುವಂತಿರುವುದಿಲ್ಲ. ಕೊನೆಯಲ್ಲಿ ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ ಬೆರೆಸಿದ ದ್ರವದಿಂದ ಬಿಸಿ ಪಾತ್ರೆಯನ್ನು ಉಪಚರಿಸಿದಾಗ ಮಿಶ್ರಲೋಹ ಕಡುಗಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಉಳಿಯುತ್ತದೆ. ಎಣ್ಣೆ ಸವರಿದರೆ ಕಪ್ಪು ಮತ್ತಷ್ಟು ಆಳವಾಗುತ್ತದೆ. ಬೆಳ್ಳಿಯ ಪ್ರಮಾಣ ಒಂದಿಷ್ಟೂ ಹೆಚ್ಚಲಿಲ್ಲ, ಹಿನ್ನೆಲೆ ಹಿಂದೆ ಸರಿಯಿತು ಅಷ್ಟೇ. ಇಳಕಲ್ ಸೀರೆಯ ಕೆಂಪು ಸೆರಗಿನ ಮೇಲಿನ ಬಿಳಿಯ ತೋಪುತೆನೆಯದೂ ಇದೇ ಯುಕ್ತಿ.

ಅನುಸರಿಸಬಹುದಾದ ಕ್ರಮ

ಹೊಸ ಪೊಟ್ಟಣ, ಲೇಬಲ್ ಅಥವಾ ಫಲಕವನ್ನು ಅಚ್ಚಿಗೆ ಕಳುಹಿಸುವ ಮುನ್ನ ಕೆಳಗಿನ ಪರೀಕ್ಷೆಗಳನ್ನು ಯಾವ ಉದ್ಯಮಿಯಾದರೂ ತಾನೇ ನಡೆಸಬಹುದು.

1. ಗ್ರಾಹಕನು ಮೊದಲು ನೋಡಬೇಕಾದದ್ದು ಯಾವುದೆಂದು ಒಂದನ್ನೇ ನಿರ್ಧರಿಸಬೇಕು. ಉಳಿದವನ್ನೆಲ್ಲ ಅದಕ್ಕಿಂತ ತಗ್ಗಿಸಬೇಕು.

2. ಮಾದರಿಯ ಛಾಯಾಚಿತ್ರವನ್ನು ಮೊಬೈಲಿನಲ್ಲಿ ತೆಗೆದು ಕಪ್ಪು–ಬಿಳುಪಿಗೆ ಬದಲಿಸಿ ನೋಡಬೇಕು. ಅಕ್ಷರ ನೆಲದೊಳಗೆ ಕರಗಿದರೆ ಬಣ್ಣವನ್ನಲ್ಲ, ಅದರ ಗಾಢತೆಯನ್ನು ಬದಲಿಸಬೇಕು.

3. ಮಾದರಿಯನ್ನು ನಿಜವಾದ ಗಾತ್ರದಲ್ಲಿ ಕಾಗದದ ಮೇಲೆ ಮುದ್ರಿಸಿ ಪರಿಶೀಲಿಸಬೇಕು. ಪರದೆಯ ಮೇಲೆ ಹಿಗ್ಗಿಸಿ ನೋಡಿ ಒಪ್ಪಿಗೆ ಕೊಡಬಾರದು.

4. ಅದನ್ನು ಅಂಗಡಿಯ ಕಪಾಟಿನಲ್ಲಿ, ಸ್ಪರ್ಧಿಗಳ ಸರಕುಗಳ ನಡುವೆ ಇಟ್ಟು, ಅಂಗಡಿಯ ಬೆಳಕಿನಲ್ಲಿಯೇ ಕೆಲವು ಹೆಜ್ಜೆ ದೂರದಿಂದ ನೋಡಬೇಕು. ಸುತ್ತಲಿನವೆಲ್ಲ ಕೆಂಪಾಗಿದ್ದರೆ ಇನ್ನೊಂದು ಕೆಂಪು ಎಷ್ಟೇ ಗಾಢವಾದರೂ ವ್ಯರ್ಥ.

5. ಬೆಲೆ, ಪ್ರಮಾಣ ಮತ್ತು ದಿನಾಂಕಗಳನ್ನು ಮನೆಯ ಹಿರಿಯರೊಬ್ಬರ ಕೈಯಲ್ಲಿ ಓದಿಸಬೇಕು. ಅವರು ತಡವರಿಸಿದರೆ ವಿನ್ಯಾಸವನ್ನು ಮರಳಿ ತಿದ್ದಬೇಕು.

ಈ ಐದರಲ್ಲಿ ಯಾವುದಕ್ಕೂ ಹೆಚ್ಚಿನ ಬಂಡವಾಳ ಬೇಕಿಲ್ಲ. ತಿದ್ದಬೇಕಾದ ತಪ್ಪು ಕಾಗದದ ಮಾದರಿಯಲ್ಲಿ ಕಂಡರೆ ಅದರ ಬೆಲೆ ಒಂದು ಹಾಳೆ, ಹತ್ತು ಸಾವಿರ ಪೊಟ್ಟಣಗಳು ಅಚ್ಚಾದ ಮೇಲೆ ಕಂಡರೆ ಅದರ ಬೆಲೆ ಆ ಹತ್ತು ಸಾವಿರ ಪೊಟ್ಟಣ. ತಯಾರಕನು ಸರಕಿನ ಗುಣಮಟ್ಟಕ್ಕಾಗಿ ಪಟ್ಟ ಶ್ರಮ ಗ್ರಾಹಕನ ಕಣ್ಣಿಗೆ ತಲುಪಬೇಕಾದರೆ, ರಂಗವಲ್ಲಿ ಬಿಡುವ ಮುನ್ನ ಅಂಗಳ ಸಾರಿಸುವಂತೆ, ಮೊದಲು ಹಿನ್ನೆಲೆಯನ್ನು ಸಿದ್ಧಪಡಿಸಿಕೊಳ್ಳಬೇಕು.